ಮುಗಿಯದ ದಂಡಯಾತ್ರೆ

ಬೀದರ ನಗರದ ಚೌಬಾರದಿಂದ ಕೋಟೆಯ ಕಡೆಗೆ ಹೊರಟರೆ ನಡುದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಕಾಣಸಿಗುತ್ತದೆ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಆ ವಿದ್ವಾಂಸನು ೧೪೭೨ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವದು. ಬಣ್ಣಬಣ್ಣದ ಮೆರುಗುಬಿಲ್ಲೆಗಳು ಗೋಡೆಯ ಮೇಲೆ ಅಲ್ಲಲ್ಲಿ ಇನ್ನೂ ಉಳಿದುಕೊಂಡಿವೆ. ಪೂರ್ವಾಭಿಮುಖವಾದ ಈ ಕಟ್ಟಡದ ಎರಡು ಮೂಲೆಗಳಲ್ಲಿ ಒಂದು ಕಾಲಕ್ಕೆ ಎರಡು ಎತ್ತರವಾದ ಮಿನಾರುಗಳಿದ್ದುವು. ಇಂದು ಉಳಿದಿರುವುದು ಒಂದೇ. ಇನ್ನೊಂದು ಇದ್ದ ಕಡೆ, ರೊಟ್ಟಿಯ ಅಂಚನ್ನು ಮುರಿದುಕೊಂಡಂತೆ, ಕಟ್ಟಡದ ಆ ಭಾಗವೇ ಇಲ್ಲವಾಗಿದೆ.

ಶಾಲೆಯಲ್ಲಿದ್ದ ದಿನಗಳಲ್ಲಿ ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆನು. ಯಾರಾದರೊಬ್ಬ ಹುಡುಗನು, "ಸರ್, ಇದನ್ನು ಕೆಡವಿದ ಶತ್ರು ಯಾರು?" ಎಂದು ಕೇಳಿಯೇ ಕೇಳುವನು. ಶತ್ರುವಾರೂ ಇದನ್ನು ಕೆಡವಲಿಲ್ಲವೆಂದರೆ ಮಕ್ಕಳ ಮುಖದಲ್ಲಿ ಸ್ವಲ್ಪ ನಿರಾಶೆ ಕಾಣಿಸುವುದು. ನಿಜವೆಂದರೆ, ಔರಂಗಜೇಬನ ಆಳ್ವಿಕೆಯ ಕೊನೆಯ ಭಾಗದಲ್ಲಿ, ೧೬೯೬ರ ಸುಮಾರಿಗೆ, ಈ ವಿದ್ಯಾಲಯದೊಳಗೆ ಕೂಡಿಟ್ಟಿದ್ದ ಕೋವಿಮದ್ದು ಸಿಡಿದು ಒಂದು ಮಿನಾರೂ ಅದಕ್ಕೆ ಸೇರಿದ ಕೋಣೆಗಳೂ ನೆಲಕ್ಕುರುಳಿದುವು. ಸಿಡಿಲು ಬಡಿದು ಮದ್ದು ಹೊತ್ತಿಕೊಂಡಿತೆಂದು ಹೇಳುತ್ತಾರೆ. ಇದ್ದಿರಬಹುದು. ಆದರೆ ಪುಸ್ತಕಗಳಿರಬೇಕಾಗಿದ್ದ ಕಡೆ ಮದ್ದು ಏಕಿದ್ದಿತು? ದಂಡು ಇಲ್ಲಿ ಬೀಡುಬಿಟ್ಟಿದ್ದಿತು, ಅದಕ್ಕೆ. ದಂಡು ಏಕಿದ್ದಿತು? ಯುದ್ಧ ಮುಗಿದಿರಲಿಲ್ಲ. ಅದು ಯಾವ ಯುದ್ಧ, ಯಾವಾಗ ಆರಂಭವಾದುದು ಎಂದು ಕೇಳಿದರೆ, ಉತ್ತರಕ್ಕಾಗಿ ಆ ಸಿಡಿತಕ್ಕೆ ನೂರು ವರ್ಷ ಹಿಂದಕ್ಕೆ, ಸಾವಿರ ಕಿಲೋಮೀಟರು ಉತ್ತರಕ್ಕೆ ಹೋಗಬೇಕಾಗುತ್ತದೆ.

ಆಗ್ರಾ ನಗರದಿಂದ ಬೀದರಿಗೆ ಭೂಪಟದ ಮೇಲೆ ನೇರವಾಗಿ ಗೆರೆಯೆಳೆದರೂ ಸಾವಿರ ಕಿಲೋಮೀಟರಿಗೆ ಕಡಮೆಯಾಗುವುದಿಲ್ಲ. ನಡುವೆ ಚಂಬಲ್, ನರ್ಮದಾ, ತಪತಿ, ಗೋದಾವರಿ, ಮಾಂಜ್ರಾ ನದಿಗಳು. ವಿಂಧ್ಯ, ಸಾತ್ಪುಡಾ ಬೆಟ್ಟಗಳು. ಆನೆ, ಒಂಟೆ, ಎತ್ತುಗಳ ಮೇಲೆ ಸಾಮಾನು ಹೇರಿಕೊಂಡು ಫಿರಂಗಿಗಳನ್ನು ಎಳೆದುಕೊಂಡು ಬರುವ ಸೇನೆಗೆ ಇದು ತಿಂಗಳುಗಳ ಪಯಣ. ಮಳೆಗಾಲ ಬಂದಿತೆಂದರೆ ನಾಲ್ಕು ತಿಂಗಳು ದಾರಿಯೇ ಇಲ್ಲ. ಆ ಕಾಲದ ಮೊಗಲ ಚಕ್ರವರ್ತಿಗೆ ದಖ್ಖಣವು ಸಮುದ್ರದಾಚೆಯ ನಾಡಿನಷ್ಟೇ ದೂರದ್ದಾಗಿದ್ದಿತು. ಅಲ್ಲಿ ನಡೆದುದರ ಸುದ್ದಿ ಆತನಿಗೆ ತಲುಪುವ ವೇಳೆಗೆ ಹಳತಾಗಿರುತ್ತಿತ್ತು; ಆತನ ಆಜ್ಞೆ ಅಲ್ಲಿಗೆ ಮುಟ್ಟುವ ವೇಳೆಗೆ ಸನ್ನಿವೇಶವೇ ಬದಲಾಗಿರುತ್ತಿತ್ತು.

ಈ ದೂರದ ಯುದ್ಧಕ್ಕೆ ಮೊದಲು ಕೈಹಾಕಿದವನು ಅಕ್ಬರ. ೧೫೯೧ರಲ್ಲಿ ಅವನು ಖಾನದೇಶ, ಅಹಮದನಗರ, ವಿಜಾಪುರ, ಗೋಲ್ಕೊಂಡ ಈ ನಾಲ್ಕು ರಾಜ್ಯಗಳಿಗೂ ರಾಯಭಾರಿಗಳನ್ನು ಕಳುಹಿಸಿ, ತನ್ನ ಅಧಿರಾಜ್ಯವನ್ನು ಒಪ್ಪಿಕೊಳ್ಳಬೇಕೆಂದು ತಿಳಿಸಿದನು. ಮಾತಿನಿಂದ ಕೆಲಸವಾಗಲಿಲ್ಲ. ೧೫೯೫ರ ಕೊನೆಯಲ್ಲಿ ರಾಜಕುಮಾರ ಮುರಾದನೂ ಅಬ್ದುರ್ ರಹೀಮ್ ಖಾನ್‌ಖಾನಾನನೂ ಅಹಮದನಗರವನ್ನು ಮುತ್ತಿದರು. ಕೋಟೆಯನ್ನು ಕಾಯ್ದವಳು ಚಾಂದಬೀಬಿ ಎಂಬ ಧೀರೆ. ಮರುವರ್ಷ ಬೀರಾರ್ ಪ್ರಾಂತವನ್ನು ಬಿಟ್ಟುಕೊಟ್ಟು ಆಕೆ ಸಂಧಿ ಮಾಡಿಕೊಂಡಳು. ಸಂಧಿ ಬಹುಕಾಲ ಬಾಳಲಿಲ್ಲ. ೧೫೯೯ರಲ್ಲಿ ಮುರಾದನು ಕುಡಿತಕ್ಕೆ ಬಲಿಯಾಗಿ ತೀರಿಕೊಂಡನು. ಅಕ್ಬರನು ತಾನೇ ದಕ್ಷಿಣಕ್ಕೆ ಬಂದನು. ೧೬೦೦ರಲ್ಲಿ ಚಾಂದಬೀಬಿಯನ್ನು ಅವಳ ಕಡೆಯವರೇ ಕೊಂದರು, ಅಹಮದನಗರ ಕೋಟೆ ಬಿದ್ದಿತು. ೧೬೦೧ರ ಜನವರಿಯಲ್ಲಿ ಅಸೀರಗಡವೂ ಕೈವಶವಾಯಿತು. ಅಷ್ಟರಲ್ಲಿ ಉತ್ತರದಲ್ಲಿ ಹಿರಿಯ ಮಗ ಸಲೀಮನು ತಂದೆಗೆ ತಿರುಗಿಬಿದ್ದನೆಂಬ ವರ್ತಮಾನ ಬರಲು ಅಕ್ಬರನು ಆಗ್ರಾಕ್ಕೆ ಹಿಂದಿರುಗಿದನು. ಕೋಟೆ ಸಿಕ್ಕಿತ್ತು, ನಾಡು ಸಿಕ್ಕಿರಲಿಲ್ಲ. ಗೆದ್ದೆನೆಂದು ಹೇಳಿಕೊಳ್ಳಲು ಸಾಕಾಗುವಷ್ಟು ಗೆದ್ದು, ಮುಗಿಸಲಾಗದೆ ಬಿಟ್ಟು, ೧೬೦೫ರಲ್ಲಿ ಅವನು ಕಣ್ಣುಮುಚ್ಚಿದನು.

ತಿರುಗಿಬಿದ್ದಿದ್ದ ಆ ಸಲೀಮನೇ ಜಹಾಂಗೀರನೆಂಬ ಹೆಸರಿನಿಂದ ಸಿಂಹಾಸನವನ್ನೇರಿದನು. ಸಿಂಹಾಸನದೊಡನೆ ತಂದೆಯ ಯುದ್ಧವೂ ಅವನ ಪಾಲಿಗೆ ಬಂದಿತು. ಬೇಡವೆಂದಿದ್ದರೆ ಅವನು ಅದನ್ನು ಬಿಡಬಹುದಾಗಿದ್ದಿತೆ? ಬಿಡಬಹುದಾಗಿದ್ದಿತು. ಆದರೆ ಅಕ್ಬರನು ಗೆದ್ದುದನ್ನು ಕಳೆದ ಮಗನೆಂಬ ಮಾತು ಹುಟ್ಟಿಕೊಳ್ಳುವುದು. ಆ ಮಾತಿಗೆ ಹೆದರದ ಅರಸರು ಚರಿತ್ರೆಯಲ್ಲಿ ಬಹಳ ಕಡಮೆ.

ಈ ನಡುವೆ ಅಹಮದನಗರದ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದವನು ಮಲಿಕ್ ಅಂಬರ್. ಆಫ್ರಿಕದ ಅಬಿಸೀನಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಕೈಯಿಂದ ಕೈಗೆ ದಾಟಿ ದಖ್ಖಣಕ್ಕೆ ಬಂದ ಈ ಪುರುಷನು ತನ್ನ ಬುದ್ಧಿಬಲದಿಂದ ರಾಜ್ಯದ ಸೂತ್ರಧಾರನಾದನು. ಮೊಗಲರ ಮಹಾಸೇನೆಯನ್ನು ಬಯಲಿನಲ್ಲಿ ಎದುರಿಸುವ ತಪ್ಪನ್ನು ಅವನು ಸಾಧಾರಣವಾಗಿ ಮಾಡುತ್ತಿರಲಿಲ್ಲ. ಹಗುರವಾದ ಮರಾಠಾ ಕುದುರೆ ಸವಾರರನ್ನು ಬಿಟ್ಟು ಸಾಮಾನಿನ ಸಾಲನ್ನು ಕತ್ತರಿಸುವುದು, ಮೇವು ತರಲು ಹೋದವರನ್ನು ಹಿಡಿಯುವುದು, ರಾತ್ರಿ ಬಿರುಸುಬಾಣಗಳನ್ನೆಸೆದು ಪಾಳೆಯಕ್ಕೆ ನಿದ್ದೆಗೆಡಿಸುವುದು, ಇದು ಅವನ ಕ್ರಮ. ಖಾನ್‌ಖಾನಾನನು ೧೬೦೮ರಲ್ಲಿ, ಎರಡು ವರ್ಷಗಳಲ್ಲಿ ದಖ್ಖಣದ ಕೆಲಸವನ್ನು ಮುಗಿಸಿಕೊಡುವೆನೆಂದು ಜಹಾಂಗೀರನಿಗೆ ಮಾತುಕೊಟ್ಟು ಬಂದನು. ಎರಡು ವರ್ಷಗಳು ಕಳೆದುವು. ಮುಗಿದುದೇನೂ ಇಲ್ಲ, ಬದಲಾಗಿ ೧೬೧೦ರಲ್ಲಿ ಅಹಮದನಗರದ ಕೋಟೆಯೇ ಕೈಬಿಟ್ಟುಹೋಯಿತು. ಸೇನಾಪತಿಗಳು ಬದಲಾದರು; ಒಬ್ಬನ ಮೇಲೊಬ್ಬನು ದೂರು ಬರೆದನು. ದೂರದ ಯುದ್ಧಕ್ಕೆ ಹೊರಡುವ ಸೇನಾಪತಿಗಳು ಕೇಳುವ ಅವಧಿ ಯಾವಾಗಲೂ ಚಿಕ್ಕದೇ ಆಗಿರುತ್ತದೆಂಬುದನ್ನು ನೀವು ಬೇರೆ ದೇಶಗಳ ಚರಿತ್ರೆಯಲ್ಲಿಯೂ ಕಾಣುವಿರಿ.

೧೬೧೭ರಲ್ಲಿ ರಾಜಕುಮಾರ ಖುರ್ರಮನು ಬಂದು ಸಂಧಿ ಮಾಡಿಸಿದನು. ತಂದೆಗೆ ಆನಂದವಾಗಿ ಮಗನಿಗೆ ಷಹಜಹಾನ್ ಎಂಬ ಬಿರುದನ್ನಿತ್ತನು. ಮೂರು ವರ್ಷಗಳಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಜಹಾಂಗೀರನ ಆಸ್ಥಾನದ ಚಿತ್ರಕಾರ ಅಬುಲ್ ಹಸನನು ಬರೆದ ಒಂದು ಚಿತ್ರವಿದೆ: ಚಕ್ರವರ್ತಿಯು ಭೂಗೋಳದ ಮೇಲೆ ನಿಂತು, ಈಟಿಯ ತುದಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಆ ತಲೆ ಚಿತ್ರದಲ್ಲಿ ಮಾತ್ರ ಅವನ ಕೈಗೆ ಸಿಕ್ಕಿದುದು. ಮಲಿಕ್ ಅಂಬರನು ೧೬೨೬ರಲ್ಲಿ, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಸಹಜವಾಗಿ ತೀರಿಕೊಂಡನು. ಅವನ ಸಾಮರ್ಥ್ಯವನ್ನು ಮೊಗಲ ಆಸ್ಥಾನದ ಇತಿಹಾಸಕಾರನೇ ಮೆಚ್ಚಿ ಬರೆದಿದ್ದಾನೆ. ಮರುವರ್ಷ ಜಹಾಂಗೀರನೂ ಹೋದನು. ಇಪ್ಪತ್ತೆರಡು ವರ್ಷಗಳ ಅವನ ಆಳ್ವಿಕೆಯಲ್ಲಿ ದಖ್ಖಣದ ಗಡಿಯು ಅಕ್ಬರನು ಬಿಟ್ಟುಹೋದ ಕಡೆಯಿಂದ ಹೇಳಿಕೊಳ್ಳುವಷ್ಟು ಮುಂದೆ ಸಾಗಲಿಲ್ಲ.

ಷಹಜಹಾನನ ಕಾಲಕ್ಕೆ ಬಂದಾಗ ಕಥೆ ನಮ್ಮ ನೆಲವನ್ನು ಸಮೀಪಿಸುತ್ತದೆ. ೧೬೩೦ರಿಂದ ಎರಡು ವರ್ಷಗಳ ಕಾಲ ಅವನು ಬುರ್ಹಾನಪುರದಲ್ಲಿ ನಿಂತು ಯುದ್ಧವನ್ನು ನಡೆಸಿದನು. ಆ ವರ್ಷಗಳಲ್ಲಿಯೇ ಗುಜರಾತು ಮತ್ತು ದಖ್ಖಣಗಳಲ್ಲಿ ಘೋರವಾದ ಬರಗಾಲ ಬಿದ್ದಿತು. ೧೬೩೧ರಲ್ಲಿ ಅವನ ಪತ್ನಿ ಮಮ್ತಾಜಳು ಬುರ್ಹಾನಪುರದಲ್ಲಿಯೇ ಹೆರಿಗೆಯಲ್ಲಿ ಮರಣಹೊಂದಿದಳು. ತಾಜಮಹಲನ್ನು ನೋಡಿ ಮೆಚ್ಚುವ ನಾವು, ಆಕೆ ಸತ್ತುದು ದಖ್ಖಣದ ದಂಡಯಾತ್ರೆಯ ಪಾಳೆಯದಲ್ಲಿ ಎಂಬುದನ್ನು ನೆನೆಯುವುದು ಅಪರೂಪ. ೧೬೩೩ರಲ್ಲಿ ದೌಲತಾಬಾದು ಬಿದ್ದಿತು. ೧೬೩೬ರಲ್ಲಿ, ನಾಲ್ಕು ಜನ ಚಕ್ರವರ್ತಿಗಳ ಈ ಕಥೆಯಲ್ಲಿ ಒಂದೇ ಒಂದು ಬಾರಿ, ಯುದ್ಧಕ್ಕೆ ಎಲ್ಲೆಯೊಂದನ್ನು ಗುರುತು ಮಾಡಲಾಯಿತು. ಅಹಮದನಗರದ ರಾಜ್ಯವನ್ನು ಮೊಗಲರೂ ವಿಜಾಪುರದ ಆದಿಲ್‌ಶಾಹಿಗಳೂ ಹಂಚಿಕೊಂಡರು. ಗೋಲ್ಕೊಂಡವು ಕಪ್ಪಕೊಡಲು ಒಪ್ಪಿತು. ಅದರಾಚೆಗೆ ಬರುವುದಿಲ್ಲವೆಂದು ಚಕ್ರವರ್ತಿಯು ಮಾತುಕೊಟ್ಟನು.

ಆ ಎಲ್ಲೆ ಎಲ್ಲಿ ಹಾಯ್ದಿತ್ತು ಗೊತ್ತೆ? ಆ ವರ್ಷವೇ ಮೊಗಲರು ಉದಗೀರ್ ಮತ್ತು ಔಸಾ ಕೋಟೆಗಳನ್ನು ಹಿಡಿದಿದ್ದರು. ಬೀದರಾದರೋ ೧೬೧೯ರಲ್ಲಿ ಬರೀದ್‌ಶಾಹಿಗಳ ಕೈಯಿಂದ ವಿಜಾಪುರದ ವಶಕ್ಕೆ ಬಂದಿದ್ದಿತು. ಇಂದು ಬೀದರಿನಿಂದ ಉದಗೀರಿಗೆ ರೈಲಿನಲ್ಲಿ ಹೋಗುವವರು ಭಾಲ್ಕಿಯನ್ನೂ ಕಮಲನಗರವನ್ನೂ ದಾಟಿ ಹೋಗುತ್ತಾರೆ. ಒಂದು ತುದಿ ಮೊಗಲರದು, ಇನ್ನೊಂದು ತುದಿ ಆದಿಲ್‌ಶಾಹಿಯದು. ನಡುವೆ ಇಂದಿನ ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳು. ಕಾಶ್ಮೀರದಿಂದ ಹಬ್ಬಿದ್ದ ಸಾಮ್ರಾಜ್ಯದ ದಕ್ಷಿಣದ ಅಂಚು ಈ ಜೋಳ, ತೊಗರಿಯ ಹೊಲಗಳ ಬದುವಿನ ಮೇಲೆಯೇ ನಿಂತಿತ್ತೆಂದರೆ ತಪ್ಪಾಗಲಾರದು. ಇಪ್ಪತ್ತು ವರ್ಷಗಳ ಕಾಲ ಅದು ಅಲ್ಲಾಡಲಿಲ್ಲ. ಇಪ್ಪತ್ತು ವರ್ಷ ಎಂದರೆ ಒಂದು ಮಗು ಹುಟ್ಟಿ, ಬೆಳೆದು, ನೇಗಿಲು ಹಿಡಿಯುವಷ್ಟು ಕಾಲ. ಚರಿತ್ರೆಯ ಪುಸ್ತಕಗಳಲ್ಲಿ ಆ ಇಪ್ಪತ್ತು ವರ್ಷಗಳಿಗೆ ಎರಡು ಸಾಲೂ ಸಿಗುವುದಿಲ್ಲ.

ಎಲ್ಲೆಯನ್ನು ದಾಟಿಸಿದವನು ಷಹಜಹಾನನ ಮೂರನೆಯ ಮಗ ಔರಂಗಜೇಬ. ಅವನು ಎರಡು ಬಾರಿ ದಖ್ಖಣದ ಸುಬೇದಾರನಾಗಿದ್ದನು. ಎರಡನೆಯ ಬಾರಿ ಬಂದಾಗ ಅವನ ಮುಂದಿದ್ದ ದೊಡ್ಡ ತೊಡಕು ಹಣ. ಯುದ್ಧದಿಂದಲೂ ಬರದಿಂದಲೂ ಬಡವಾಗಿದ್ದ ಪ್ರಾಂತದ ಕಂದಾಯವು ಅಲ್ಲಿನ ದಂಡಿನ ಖರ್ಚಿಗೆ ಸಾಲುತ್ತಿರಲಿಲ್ಲ. ಮಾಳವ, ಸೂರತ್ತುಗಳ ಖಜಾನೆಯಿಂದ ಹಣ ತರಿಸಬೇಕಾಗುತ್ತಿತ್ತು. ತಂದೆಯು ಪತ್ರ ಬರೆದು ಗದರಿಸುವನು, ಮಗನು ಉತ್ತರ ಬರೆದು ನೊಂದುಕೊಳ್ಳುವನು. ಮುರ್ಷಿದ್ ಕುಲಿ ಖಾನನೆಂಬ ದಕ್ಷ ಅಧಿಕಾರಿಯು ಹೊಲಗಳನ್ನು ಅಳೆಸಿ ಕಂದಾಯವನ್ನು ಸರಿಪಡಿಸಲು ಯತ್ನಿಸಿದನು. ಅದು ನಿಧಾನದ ದಾರಿ. ಪಕ್ಕದ ಶ್ರೀಮಂತ ರಾಜ್ಯಗಳ ಬೊಕ್ಕಸ ಹತ್ತಿರದ ದಾರಿಯಾಗಿ ಕಂಡಿತು. ೧೬೫೬ರಲ್ಲಿ ಗೋಲ್ಕೊಂಡದ ಮೇಲೆ ದಾಳಿಯಾಯಿತು. ಚಕ್ರವರ್ತಿಯ ಆಜ್ಞೆ ಬಂದುದರಿಂದ ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ವಿಜಾಪುರದ ಮಹಮ್ಮದ್ ಆದಿಲ್‌ಶಾಹನು ತೀರಿಕೊಂಡನು. ಎಳೆಯ ವಯಸ್ಸಿನವನು ಪಟ್ಟಕ್ಕೆ ಬಂದುದೇ ನೆಪವಾಯಿತು. ಈ ಬಾರಿ ಷಹಜಹಾನನು ಸಮ್ಮತಿಯಿತ್ತನು. ತಾನು ಕೊಟ್ಟ ಮಾತನ್ನು ತಾನೇ ಮುರಿದನು.

ಔರಂಗಜೇಬನೂ ಮೀರ್ ಜುಮ್ಲಾನೂ ೧೬೫೭ರ ಫೆಬ್ರವರಿಯ ಕೊನೆಗೆ ಬೀದರಿನ ಮುಂದೆ ಬಂದು ಇಳಿದರು. (ಬೀದರ ಬಿದ್ದುದು ೧೬೫೬ರಲ್ಲಿ ಎಂದು ಕೆಲವು ಪುಸ್ತಕಗಳಲ್ಲಿ ಓದುವಿರಿ. ಆದಿಲ್‌ಶಾಹನು ಸತ್ತುದು ಆ ವರ್ಷದ ನವೆಂಬರಿನಲ್ಲಿ. ಯುದ್ಧ ಹೊರಟುದು ಅನಂತರ. ಆದುದರಿಂದ ಅದು ಸರಿಯಲ್ಲ.) ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಮಲಿಕ್ ಅಂಬರನಂತೆ ಇವನೂ ಆಫ್ರಿಕ ಮೂಲದವನು. ಆದಿಲ್‌ಶಾಹಿಯ ಉಪ್ಪುಂಡು ಮುದುಕನಾದವನು. ಅವನ ಬಳಿ ಸುಮಾರು ಸಾವಿರ ಸವಾರರೂ ನಾಲ್ಕು ಸಾವಿರ ಕಾಲಾಳುಗಳೂ ಇದ್ದರು. ಬೀದರ ಕೋಟೆಯ ಕಂದಕವನ್ನು ನೋಡಿದವರಿಗೆ ಅವನ ಧೈರ್ಯದ ಕಾರಣ ತಿಳಿಯುವುದು. ಕೆಂಪು ಮುರಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ಅಗಳು, ಕೆಲವೆಡೆ ಒಂದರ ಪಕ್ಕ ಒಂದರಂತೆ ಮೂರು ಸಾಲು, ನಡುವೆ ಕಲ್ಲಿನ ಗೋಡೆಗಳು. ಮುತ್ತಿದವರು ಅಗಳಿನ ಅಂಚಿನವರೆಗೆ ದಾರಿ ತೋಡಿ, ಫಿರಂಗಿಗಳಿಂದ ಬುರುಜುಗಳನ್ನು ಒಡೆದರು. ಒಳಗಿನವರು ರಾತ್ರಿಯ ಹೊತ್ತು ಹೊರಬಿದ್ದು ಕಾದರು.

ಮಾರ್ಚಿಯ ಕೊನೆಯಲ್ಲಿ ಮೊಗಲರು ಏರಿಬಂದ ದಿನ ಮರ್ಜಾನನು ತನ್ನ ಮಕ್ಕಳೊಂದಿಗೆ ಬುರುಜಿನ ಬಳಿ ನಿಂತಿದ್ದನು. ಅದರ ಹಿಂದೆ ತೋಡಿದ ಗುಂಡಿಯಲ್ಲಿ ಮದ್ದನ್ನೂ ಬಿರುಸುಗಳನ್ನೂ ತುಂಬಿಡಲಾಗಿದ್ದಿತು. ಬಿರುಸೊಂದರ ಕಿಡಿ ಅದರೊಳಗೆ ಬಿದ್ದಿತು. ಭೂಮಿ ನಡುಗುವಂತೆ ಸಿಡಿತವಾಗಿ ಮುದುಕನೂ ಅವನ ಮಕ್ಕಳಲ್ಲಿ ಇಬ್ಬರೂ ಬೆಂದುಹೋದರು, ಕಾವಲಿನವರು ಗಾಬರಿಗೊಂಡರು, ಆ ಹೊಗೆಯಲ್ಲಿಯೇ ಮೊಗಲರು ಒಳನುಗ್ಗಿದರು. ಜೀವವಿನ್ನೂ ಉಳಿದಿದ್ದ ಮರ್ಜಾನನು ಉಳಿದ ಮಕ್ಕಳ ಕೈಯಲ್ಲಿ ಕೋಟೆಯ ಬೀಗದ ಕೈಗಳನ್ನು ಕಳುಹಿಸಿ ಪ್ರಾಣಬಿಟ್ಟನು. ಇಪ್ಪತ್ತೇಳು ದಿನಗಳಲ್ಲಿ ಬೀದರ ಬಿದ್ದಿತು. ಹನ್ನೆರಡು ಲಕ್ಷ ರೂಪಾಯಿ ನಗದು, ಎಂಟು ಲಕ್ಷದಷ್ಟು ಬೆಲೆಯ ಮದ್ದು, ಸೀಸ, ಧಾನ್ಯಗಳು, ೨೩೦ ಫಿರಂಗಿಗಳು ಗೆದ್ದವರ ಪಾಲಾದುವು. ಔರಂಗಜೇಬನು ಬಹಮನಿಗಳ ಕಾಲದ ದೊಡ್ಡ ಮಸೀದಿಯಲ್ಲಿ ತಂದೆಯ ಹೆಸರಿನಲ್ಲಿ ಖುತ್ಬಾ ಓದಿಸಿದನು. ಊರಿಗೆ ಜಫರಾಬಾದ್, ಎಂದರೆ ವಿಜಯನಗರಿ, ಎಂಬ ಹೊಸ ಹೆಸರನ್ನಿಟ್ಟರು. ಆಗಸ್ಟಿನಲ್ಲಿ ಇಂದಿನ ಬಸವಕಲ್ಯಾಣವಾದ ಕಲ್ಯಾಣಿಯೂ ಶರಣಾಯಿತು. ವಿಜಾಪುರದತ್ತ ಮುನ್ನಡೆಯುವಷ್ಟರಲ್ಲಿ ಯುದ್ಧವನ್ನು ನಿಲ್ಲಿಸಬೇಕೆಂದು ಷಹಜಹಾನನ ಆಜ್ಞೆ ಬಂದಿತು. ಸೆಪ್ಟೆಂಬರಿನಲ್ಲಿ ಅವನು ಕಾಯಿಲೆ ಬೀಳಲು, ಗಂಡುಮಕ್ಕಳು ನಾಲ್ವರೂ ಸಿಂಹಾಸನಕ್ಕಾಗಿ ಬಡಿದಾಡಲು ಹೊರಟರು. ದಖ್ಖಣದ ಕೆಲಸ ಮತ್ತೊಮ್ಮೆ ಅರ್ಧಕ್ಕೆ ನಿಂತಿತು.

ಇಲ್ಲಿ ಕಥೆಯನ್ನು ಸ್ವಲ್ಪ ತಡೆದು ಬೇರೊಂದು ದೇಶದ ಕಡೆಗೆ ನೋಡೋಣ. ಹಿರಿಯನ ಯುದ್ಧವನ್ನು ಕಿರಿಯನು ಹೊರುವುದು ಅರಸೊತ್ತಿಗೆಯ ಕಾಲಕ್ಕೆ ಮಾತ್ರ ಸಲ್ಲುವ ಮಾತೆಂದು ನೀವು ತಿಳಿದೀರಿ. ಅಮೆರಿಕದ ಅಧ್ಯಕ್ಷರಲ್ಲಿ ತಂದೆ ಮಕ್ಕಳ ಸಂಬಂಧವಿರಲಿಲ್ಲ; ಅವರು ಬೇರೆ ಬೇರೆ ಪಕ್ಷಗಳವರು. ಆದರೂ ವಿಯೆಟ್ನಾಮಿನ ಯುದ್ಧ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಇದೇ ರೀತಿ ದಾಟುತ್ತ ಹೋಯಿತು. ಟ್ರೂಮನ್ನನು ೧೯೫೦ರಲ್ಲಿ ಅಲ್ಲಿ ಹೋರಾಡುತ್ತಿದ್ದ ಫ್ರೆಂಚರಿಗೆ ಹಣವನ್ನೂ ಆಯುಧವನ್ನೂ ಕೊಟ್ಟನು. ೧೯೫೪ರಲ್ಲಿ ಫ್ರೆಂಚರು ದಿಯೆನ್ ಬಿಯೆನ್ ಫುನಲ್ಲಿ ಸೋತರು. ಜಿನೀವಾ ಒಪ್ಪಂದವಾಗಿ ದೇಶವು ಎರಡು ಭಾಗವಾಯಿತು. ಆ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಆಯೋಗದ ಅಧ್ಯಕ್ಷತೆ ನಮ್ಮ ಭಾರತಕ್ಕೇ ಬಂದಿದ್ದಿತು. ಐಸೆನ್‌ಹೋವರನು ದಕ್ಷಿಣ ಭಾಗದ ಸರಕಾರಕ್ಕೆ ಬೆಂಬಲವಿತ್ತು ಕೆಲವು ನೂರು ಸಲಹೆಗಾರರನ್ನು ಇರಿಸಿದನು. ಕೆನಡಿಯ ಕಾಲಕ್ಕೆ, ೧೯೬೩ರ ಹೊತ್ತಿಗೆ, ಆ ಸಲಹೆಗಾರರು ಸುಮಾರು ಹದಿನಾರು ಸಾವಿರವಾದರು. ಜಾನ್ಸನ್ನನು ೧೯೬೪ರಲ್ಲಿ ಸಂಸತ್ತಿನಿಂದ ವಿಶಾಲವಾದ ಅಧಿಕಾರ ಪಡೆದು, ಮರುವರ್ಷ ನೇರವಾಗಿ ಕಾಳಗದ ಪಡೆಗಳನ್ನಿಳಿಸಿದನು; ೧೯೬೮ರಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರು ಐದು ಲಕ್ಷಕ್ಕೂ ಹೆಚ್ಚು. ನಿಕ್ಸನ್ನನು ಸೈನಿಕರನ್ನು ಕ್ರಮವಾಗಿ ಹಿಂದಕ್ಕೆ ಕರೆಸಿಕೊಳ್ಳುತ್ತಲೇ ೧೯೭೦ರಲ್ಲಿ ಪಕ್ಕದ ಕಾಂಬೋಡಿಯಕ್ಕೂ ಯುದ್ಧವನ್ನು ಹಬ್ಬಿಸಿದನು; ೧೯೭೩ರಲ್ಲಿ ಪ್ಯಾರಿಸಿನಲ್ಲಿ ಒಪ್ಪಂದ ಮಾಡಿಕೊಂಡನು. ಫೋರ್ಡನ ಕಾಲದಲ್ಲಿ, ೧೯೭೫ರ ಏಪ್ರಿಲ್ ೩೦ರಂದು, ಸೈಗಾನ್ ನಗರ ಬಿದ್ದಿತು. ಅಮೆರಿಕದವರೇ ಐವತ್ತೆಂಟು ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ವಿಯೆಟ್ನಾಮಿನವರಲ್ಲಿ ಸತ್ತವರ ಸಂಖ್ಯೆ ಲಕ್ಷಗಳಲ್ಲಿ.

ಇವರಲ್ಲಿ ಯಾರೂ, ಐದು ಲಕ್ಷ ಜನರನ್ನು ಅಲ್ಲಿಗೆ ಕಳುಹಿಸೋಣವೆಂದು ಮೊದಲೇ ನಿಶ್ಚಯಿಸಿ ಕುಳಿತವರಲ್ಲ. ಹಿಂದಿನವನು ಇಟ್ಟ ಹೆಜ್ಜೆಯನ್ನು ಹಿಂದೆಗೆದರೆ ಸೋತವನೆನಿಸಿಕೊಳ್ಳಬೇಕಾಗುವುದೆಂದು ಒಬ್ಬೊಬ್ಬನೂ ಇನ್ನೊಂದು ಹೆಜ್ಜೆ ಮುಂದಿಟ್ಟನು. ಆದರೆ ಒಂದು ಭೇದವನ್ನು ಮರೆಯಬಾರದು. ಅಲ್ಲಿ ಪತ್ರಿಕೆಗಳಿದ್ದುವು, ಬೀದಿಗಿಳಿದ ವಿದ್ಯಾರ್ಥಿಗಳಿದ್ದರು, ಚುನಾವಣೆಯಿತ್ತು. ೧೯೬೮ರ ಮಾರ್ಚಿಯಲ್ಲಿ ಜಾನ್ಸನ್ನನು ತಾನು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಸಾರಬೇಕಾಯಿತು. ಮೊಗಲ ಚಕ್ರವರ್ತಿಯನ್ನು ಸಾಕೆಂದು ತಡೆಯುವವರು ಯಾರು? ಸಾವೊಂದೇ ಅವನ ಅವಧಿಯನ್ನು ಮುಗಿಸಬಲ್ಲುದಾಗಿತ್ತು.

ಬೀದರನ್ನು ಗೆದ್ದಾಗ ಔರಂಗಜೇಬನಿಗೆ ಮೂವತ್ತೆಂಟು ವರ್ಷ. ಚಕ್ರವರ್ತಿಯಾದ ಮೇಲೆ ಇಪ್ಪತ್ತುಮೂರು ವರ್ಷಗಳ ಕಾಲ ಅವನು ದಖ್ಖಣವನ್ನು ಸೇನಾಪತಿಗಳಿಗೆ ಬಿಟ್ಟನು. ಅಷ್ಟರಲ್ಲಿ ಶಿವಾಜಿಯು ಹೊಸದೊಂದು ರಾಜ್ಯವನ್ನು ಕಟ್ಟಿದ್ದನು. ೧೬೬೫ರಲ್ಲಿ ಪುರಂದರದ ಸಂಧಿಯನ್ನು ಮಾಡಿಸಿದ ರಾಜಾ ಜಯಸಿಂಹನು ವಿಜಾಪುರದ ಮೇಲೆ ಹೋಗಿ ಕೈಸೋತು, ೧೬೬೭ರಲ್ಲಿ ಬುರ್ಹಾನಪುರದಲ್ಲಿ ಸತ್ತನು. ೧೬೮೦ರಲ್ಲಿ ಶಿವಾಜಿಯು ತೀರಿಕೊಂಡನು. ಮರುವರ್ಷ ಔರಂಗಜೇಬನ ಮಗ ಅಕ್ಬರನು ತಂದೆಯ ಮೇಲೆ ದಂಗೆಯೆದ್ದು ಸಂಭಾಜಿಯ ಆಶ್ರಯ ಪಡೆದನು. ೧೬೮೧ರ ನವೆಂಬರಿನಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಚಕ್ರವರ್ತಿಯು ಬುರ್ಹಾನಪುರಕ್ಕೆ ಬಂದಿಳಿದನು. ಅನಂತರ ಅವನು ದಿಲ್ಲಿಯನ್ನಾಗಲಿ ಆಗ್ರಾವನ್ನಾಗಲಿ ಕಾಣಲಿಲ್ಲ.

ಮೊದಲ ವರ್ಷಗಳಲ್ಲಿ ಜಯವೆಂದರೆ ಜಯ. ೧೬೮೬ರಲ್ಲಿ ವಿಜಾಪುರ, ೧೬೮೭ರಲ್ಲಿ ಗೋಲ್ಕೊಂಡ, ೧೬೮೯ರಲ್ಲಿ ಸಂಭಾಜಿಯ ಸೆರೆ ಮತ್ತು ವಧೆ. ಆ ದಿನ ಔರಂಗಜೇಬನು ಉತ್ತರಕ್ಕೆ ತಿರುಗಿದ್ದರೆ! ಎಂದು ನಾನು ಪಾಠ ಹೇಳುವಾಗ ಎಷ್ಟೋ ಸಲ ಅಂದುಕೊಂಡದ್ದುಂಟು. ಆದರೆ ಎರಡು ರಾಜ್ಯಗಳನ್ನು ಮುರಿದುದರಿಂದ ಕೆಲಸವಿಲ್ಲದೆ ಉಳಿದ ಸೈನಿಕರು ಮರಾಠರನ್ನು ಸೇರಿಕೊಂಡರು. ಸಂಧಿ ಮಾಡಿಕೊಳ್ಳೋಣವೆಂದರೆ ಎದುರಿಗೆ ಒಬ್ಬ ಅರಸನೇ ಇರಲಿಲ್ಲ, ಊರೂರಿಗೊಬ್ಬ ಸರದಾರನಿದ್ದನು. ಸಂಭಾಜಿಯ ತಮ್ಮ ರಾಜಾರಾಮನು ಕನ್ನಡ ನಾಡನ್ನು ಹಾಯ್ದು ಜಿಂಜಿಗೆ ತಪ್ಪಿಸಿಕೊಂಡು ಹೋದನು. ದಾರಿಯಲ್ಲಿ ಅವನಿಗೆ ಆಶ್ರಯವಿತ್ತವಳು ಕೆಳದಿಯ ರಾಣಿ ಚೆನ್ನಮ್ಮ. ಮೊಗಲ ಸೇನೆಯ ಕೋಪಕ್ಕೆ ಆಕೆ ಅಂಜಲಿಲ್ಲ. ಜಿಂಜಿಯ ಮುತ್ತಿಗೆ ಎಂಟು ವರ್ಷ ಎಳೆಯಿತು. ೧೭೦೦ರಲ್ಲಿ ರಾಜಾರಾಮನು ಸತ್ತರೆ ಅವನ ಹೆಂಡತಿ ತಾರಾಬಾಯಿ ಯುದ್ಧವನ್ನು ಕೈಗೆತ್ತಿಕೊಂಡಳು.

ಚಕ್ರವರ್ತಿಯ ಪಾಳೆಯವೇ ಒಂದು ನಡೆದಾಡುವ ನಗರವಾಗಿದ್ದಿತು. ಅದು ಬಂದು ಇಳಿದ ಕಡೆ ಸುತ್ತಣ ಹೊಲಗಳಲ್ಲಿ ಕಡ್ಡಿಯೂ ಉಳಿಯುತ್ತಿರಲಿಲ್ಲ. ಇಟಲಿಯ ಮನೂಚಿ ಎಂಬ ಪ್ರವಾಸಿಯು, ದಖ್ಖಣದ ಆ ಸೇನೆಯಲ್ಲಿ ವರ್ಷವೊಂದಕ್ಕೆ ಲಕ್ಷ ಜನರೂ ಮೂರು ಲಕ್ಷ ಪ್ರಾಣಿಗಳೂ ಸಾಯುತ್ತಿದ್ದುವೆಂದು ಬರೆದಿದ್ದಾನೆ. ಲೆಕ್ಕ ಹೆಚ್ಚಾಗಿದ್ದರೂ ಇರಬಹುದು. ಕಣ್ಣಾರೆ ಕಂಡವನ ಗಾಬರಿ ಅದರಲ್ಲಿದೆ. ಮೊಗಲ ಸೇವೆಯಲ್ಲಿದ್ದ ಭೀಮಸೇನನೆಂಬ ಕಾಯಸ್ಥನು ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಮನೆಯವರನ್ನು ಅಗಲಿ ಬೇಸತ್ತ ಸೈನಿಕರು ಹೆಂಡಿರು ಮಕ್ಕಳನ್ನು ಪಾಳೆಯಕ್ಕೇ ಕರೆಸಿಕೊಂಡರು. ಅಲ್ಲಿಯೇ ಮಕ್ಕಳು ಹುಟ್ಟಿ, ಅಲ್ಲಿಯೇ ಬೆಳೆದು, ಮನೆಯೆಂಬುದನ್ನೇ ಕಾಣದೆ ಗುಡಾರವೊಂದನ್ನೇ ಆಸರೆಯೆಂದು ತಿಳಿದರಂತೆ. ರಾಜರ ಹೆಸರುಗಳನ್ನು ಮರೆತರೂ ನೀವು ಆ ಮಕ್ಕಳನ್ನು ನೆನಪಿಟ್ಟುಕೊಳ್ಳಿರೆಂದು ನಾನು ಹೇಳುತ್ತಿದ್ದೆನು.

೧೭೦೫ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಸುರಪುರದ ಬೇಡ ನಾಯಕನ ವಾಗಿನಗೇರಿ. ಮೂರು ತಿಂಗಳು ಕಾದ ಬಳಿಕ ನಾಯಕನು ರಾತ್ರಿ ಸದ್ದಿಲ್ಲದೆ ಜಾರಿಕೊಂಡನು. ಸಿಕ್ಕಿದುದು ಬರಿಯ ಕೋಟೆ. ಎಂಬತ್ತೆಂಟರ ಮುದುಕನು ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ಅವನ ಮುತ್ತಾತನ ದಂಡು ಮೊದಲು ಮುತ್ತಿದ್ದು ಅದೇ ಊರನ್ನು. ಖುಲ್ದಾಬಾದಿನಲ್ಲಿ ಮಾಡುಮಾಳಿಗೆಯಿಲ್ಲದ ಸರಳವಾದ ಗೋರಿಯಲ್ಲಿ ಅವನನ್ನು ಮಣ್ಣು ಮಾಡಿದರು.

ಯುದ್ಧ ಆಗಲೂ ಮುಗಿಯಲಿಲ್ಲ. ೧೭೦೯ರಲ್ಲಿ ಅವನ ಮಕ್ಕಳಿಬ್ಬರು ಹೈದರಾಬಾದಿನ ಬಳಿ ಕಾದಾಡಿ ಕಾಮ್‌ಬಕ್ಷನು ಸತ್ತನು. ೧೭೧೯ರಲ್ಲಿ ದಖ್ಖಣದ ಆರು ಸುಬಾಗಳಿಂದ ಚೌಥವನ್ನು ವಸೂಲು ಮಾಡುವ ಹಕ್ಕನ್ನು ಮರಾಠರಿಗೆ ದಿಲ್ಲಿಯೇ ಒಪ್ಪಿಸಿತು. ಆ ಆರರಲ್ಲಿ ಬೀದರವೂ ಒಂದು. ೧೭೨೪ರಲ್ಲಿ ನಿಜಾಮ್-ಉಲ್-ಮುಲ್ಕನು ಸ್ವತಂತ್ರನಾದನು. ಐವರು ಬಾದಶಹರು ಒಬ್ಬರ ಬೆನ್ನಿಗೊಬ್ಬರು ಬಡಿದಾಡಿದ ನೆಲ ದಿಲ್ಲಿಯ ಕೈತಪ್ಪಿತು. ೧೯೪೮ರವರೆಗೆ ಬೀದರ ನಿಜಾಮರ ರಾಜ್ಯದಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿಗೆ ಸೇರಿತು. ಜಫರಾಬಾದ್ ಎಂಬ ಹೆಸರು ಯಾರ ಬಾಯಲ್ಲಿಯೂ ಉಳಿಯಲಿಲ್ಲ.

ಉಳಿದವರು ಬೇರೆ. ಇಷ್ಟು ದೊಡ್ಡ ದಂಡಿಗೆ ಧಾನ್ಯವನ್ನು ಒದಗಿಸುತ್ತಿದ್ದವರು ಬಂಜಾರರು. ಸಾವಿರಾರು ಎತ್ತುಗಳ ಮೇಲೆ ಗೋಣಿ ಹೇರಿಕೊಂಡು, ಹೆಂಡಿರು ಮಕ್ಕಳೊಡನೆ, ಅವರು ಸೇನೆಯ ಹಿಂದೆ ಮುಂದೆ ನಡೆಯುತ್ತಿದ್ದರು. ತಮ್ಮ ಹಿರಿಯರು ಮೊಗಲ ಸೇನೆಗೆ ಧಾನ್ಯ ಹೊತ್ತುಕೊಂಡು ಉತ್ತರದಿಂದ ದಕ್ಷಿಣಕ್ಕೆ ಬಂದರೆಂದು ಅವರಲ್ಲಿ ಹೇಳಿಕೆಯಿದೆ. ಔರಾದ ತಾಲ್ಲೂಕಿನ ಕಡೆ ಹೋದರೆ ಗುಡ್ಡದ ಮಗ್ಗುಲುಗಳಲ್ಲಿ ಅವರ ತಾಂಡಾಗಳನ್ನು ಕಾಣುವಿರಿ. ಅಲ್ಲಿಂದ ಬಂದ ಮಕ್ಕಳು ನನ್ನ ತರಗತಿಯಲ್ಲಿಯೂ ಇದ್ದರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮತ್ತು ಉರ್ದು. ಮದರಸಾದ ಮುಂದೆ ನಿಂತು, ಇದನ್ನು ಕೆಡವಿದ ಶತ್ರು ಯಾರೆಂದು ಒಂದು ವರ್ಷ ಕೇಳಿದ ಹುಡುಗನು ಅಂಥದೊಂದು ತಾಂಡಾದವನೇ ಆಗಿದ್ದನು.